ಕೆಂಪು ಬಾವುಟ ದಾಟಿದ ಮೇಲೆ

ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿಯಲ್ಲಿ ನಾನು ಓದು ಬಿಟ್ಟೆ. ಎಂಟನೇ ಕ್ಲಾಸು ಅರ್ಧ ಆಗಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೊಸೂರು ಹತ್ತಿರ ತಳಿ ಅನ್ನೋ ಊರಿನ ಕಡೆಯ ನಮ್ಮ ಹಳ್ಳಿಯಿಂದ ಸ್ಕೂಲಿಗೆ ನಡೆದು ಹೋಗುವ ದಾರಿಯಲ್ಲಿ ಒಂದು ಜೀಪು ಪಂಚರ್ ಆಗಿ ನಿಂತಿತ್ತು. ಡ್ರೈವರು ಚಕ್ರ ಬಿಚ್ಚುವುದನ್ನು ನೋಡುತ್ತಾ ಕೂತೆ. ಆಮೇಲೆ ಅದೇ ಜೀಪು ಹತ್ತಿ ಸೂಳಗಿರಿಗೆ ಹೋಗಿ, ಹೆದ್ದಾರಿ ಪಕ್ಕದ ಪಂಚರ್ ಅಂಗಡಿ ಸೇರಿಕೊಂಡೆ. ನಮ್ಮಪ್ಪ ಹುಡುಕಿಕೊಂಡು ಬಂದಾಗ ನನ್ನ ಕೈ ಮೊಣಕೈವರೆಗೂ ಕರ್ರಗಾಗಿತ್ತು. ಅಪ್ಪ ನೋಡಿದ. “ತೊಳ್ಕೊಂಡು ಉಣ್ಣಲಾ” ಅಂದು ಬುತ್ತಿ ಕೊಟ್ಟು ವಾಪಸು ಹೋದ. ಅದೇ ನನಗೆ ಸಿಕ್ಕ ಅಪ್ಪಣೆ.

ಅಲ್ಲಿಂದ ರಿಟೈರ್ ಆಗುವವರೆಗೆ ನಾನು ಮಾಡಿದ್ದು ಚಕ್ರದ ಕೆಲಸ ಒಂದೇ. ಮೊದಲು ಲಾರಿ ಚಕ್ರ, ಆಮೇಲೆ ವಿಮಾನದ ಚಕ್ರ. ಈಗ ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಹುಡುಗರು, ಹೆಣ್ಣುಮಕ್ಕಳೂ ಕೂಡ, ಐಟಿಐ ಮುಗಿಸಿ ವಿಮಾನದ ಕೆಲಸಕ್ಕೆ ಸೇರುತ್ತಿದ್ದಾರೆ. ಮನೆ ಹತ್ತಿರ ಬಂದು ಕೇಳುತ್ತಾರೆ: “ಮಾಮ, ಕೆಲಸ ಹೆಂಗಿರ್ತದೆ?” ಸಂಬಳ, ರಜ, ಪ್ರಮೋಷನ್ನು ಆಫೀಸಿನವರು ಹೇಳುತ್ತಾರೆ. ಅವರು ಹೇಳದೇ ಇರುವುದನ್ನು ನಾನು ಬರೆಯುತ್ತೇನೆ. ನನಗೆ ಜಂಬ ಇದೆ. ಇರಲಿ, ದುಡಿದು ಸಂಪಾದಿಸಿದ ಜಂಬ ಅದು.

ಪಂಚರ್ ಅಂಗಡಿಯ ಬಾಷಣ್ಣ ನನ್ನ ಮೊದಲ ಮೇಷ್ಟ್ರು. ಸುತ್ತಿಗೆ ಹಿಡಿಯೋದು ಕಲಿಸುವ ಮೊದಲು ಕಿವಿ ಕೊಡೋದು ಕಲಿಸಿದ. ಲಾರಿ ಬಂದು ನಿಂತರೆ ಕಬ್ಬಿಣದ ಸಲಾಕೆಯಲ್ಲಿ ಒಂದೊಂದು ಟೈರಿಗೂ ಒಂದೊಂದು ಏಟು. ಗಟ್ಟಿ ಗಾಳಿ ಇದ್ದರೆ ಸಲಾಕೆ ಎಗರಿ ವಾಪಸು ಬರುತ್ತದೆ, ಇಲ್ಲದಿದ್ದರೆ ಸಗಣಿಗೆ ಹೊಡೆದ ಹಾಗೆ ಅಲ್ಲೇ ಕೂರುತ್ತದೆ. ಒಂದು ಸಾರಿ, ಇಳಿಜಾರಿನಲ್ಲಿ ಮುಂದಿನ ಟೈರು ಒಡೆದ ಲಾರಿ ಒಂದು ನಮ್ಮ ಅಂಗಡಿವರೆಗೂ ಉರುಳಿಕೊಂಡು ಬಂತು. ತುಂಬಾ ಟೊಮೇಟೊ ಲೋಡು. ಡ್ರೈವರ ಮುಖ ಬಿಳಿಚಿಕೊಂಡಿತ್ತು, ಆದರೆ ಲಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

“ಏನ್ ಮಾಡ್ದೆ?” ಅಂದ ಬಾಷಣ್ಣ.

“ಏನೂ ಮಾಡ್ನಿಲ್ಲ ಭಾಯ್. ಸ್ಟೇರಿಂಗ್ ಹಿಡ್ಕಂಡೆ, ಅಷ್ಟೇಯ.”

ಬಾಷಣ್ಣ ನನ್ನ ಕಡೆ ತಿರುಗಿದ. “ಕೇಳಿಸ್ಕಂಡೇನ್ಲಾ? ಬ್ರೇಕ್ ಒತ್ತಿದ್ದಿದ್ರೆ ಇವತ್ತು ಟೊಮೇಟೊ ಜೊತೆ ಇವ್ನೂ ಚಟ್ನಿ. ಏನೂ ಮಾಡ್ದೇ ಇರೋದೂ ಒಂದು ಕೆಲಸ ಕಣ್ಲಾ.”

ಈ ಮಾತು ನನ್ನ ತಲೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಕೂತುಕೊಂಡಿತು. ಎಷ್ಟೋ ವರ್ಷ ಆದಮೇಲೆ ಅದು ಎದ್ದು ಬಂದಾಗ ನಾನು ರನ್‌ವೇ ಪಕ್ಕದಲ್ಲಿ ನಿಂತಿದ್ದೆ.

ಹೊಸೂರಿಗೂ ಸೂಳಗಿರಿಗೂ ನಡುವೆ, ಹೆದ್ದಾರಿಯಿಂದ ಒಳಗೆ, ವಿಮಾನ ರಿಪೇರಿ ಮಾಡುವ ಒಂದು ಕಂಪನಿ ಬಂತು. ಸ್ವಂತ ರನ್‌ವೇ, ಎರಡು ಹ್ಯಾಂಗರ್. ಚಿಕ್ಕ ವಿಮಾನಗಳು, ಎರಡು ಫ್ಯಾನಿನವು, ಹತ್ತು ಹನ್ನೆರಡು ಜನ ಕೂರುವಂಥವು ಬಂದು, ರಿಪೇರಿ ಆಗಿ, ಪರೀಕ್ಷೆಗೆ ಹಾರಿ, ಮಾಲೀಕರ ಹತ್ತಿರ ವಾಪಸು ಹೋಗುತ್ತಿದ್ದವು. ಚಕ್ರದ ವಿಭಾಗಕ್ಕೆ ಹೆಲ್ಪರ್ ಬೇಕು ಅಂತ ಕೇಳಿ ಹೋದೆ. ಫೋರ್‌ಮನ್ ದಾಸಪ್ಪನವರು ನನ್ನ ಅಂಗೈ ನೋಡಿ ಸೇರಿಸಿಕೊಂಡರು, ಮಾರ್ಕ್ಸ್ ಕಾರ್ಡು ಕೇಳಲಿಲ್ಲ.

ಮೊದಲನೇ ವಾರದಲ್ಲೇ ಎಡವಟ್ಟು ಮಾಡಿದೆ. ಹೊಸದಾಗಿ ಗಾಳಿ ತುಂಬಿದ ಚಕ್ರ ಒಂದು ಕಬ್ಬಿಣದ ಪಂಜರದಲ್ಲಿ ಇತ್ತು. ನಾನು ಅಭ್ಯಾಸಬಲದಿಂದ ಸಲಾಕೆ ತೆಗೆದು, ಪಂಜರದ ಸಂದಿಯಲ್ಲಿ ತೂರಿಸಿ, ಟೈರಿಗೆ ಒಂದು ಏಟು ಬಿಟ್ಟೆ. ದಾಸಪ್ಪನವರು ಎಲ್ಲಿದ್ದರೋ, ಹದ್ದಿನ ಹಾಗೆ ಬಂದು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು.

“ಲೇ ಎಲ್ಲಪ್ಪ! ಅದೇನು ಲಾರಿ ಅಂದ್ಕಂಡ್ಯಾ? ಆ ಪಂಜರ ಯಾಕೆ ಮಡಗವ್ರೆ, ಗಿಣಿ ಸಾಕೋಕಾ?”

ವಿಮಾನದ ಟೈರಿನೊಳಗೆ ಲಾರಿಯ ಟೈರಿಗಿಂತ ಎಷ್ಟೋ ಹೆಚ್ಚು ಒತ್ತಡ ಇರುತ್ತದೆ, ತುಂಬುವುದು ಬರೀ ಗಾಳಿ ಅಲ್ಲ, ನೈಟ್ರೋಜನ್, ಒಡೆದರೆ ಕಬ್ಬಿಣವೂ ಬಾಗುತ್ತದೆ ಅಂತ ಅವತ್ತು ಗೊತ್ತಾಯಿತು. ಆ ಸಲಾಕೆಯನ್ನು ದಾಸಪ್ಪನವರು ಕಸಿದುಕೊಂಡು ತಮ್ಮ ಟೇಬಲ್ಲಿನ ಹಿಂದೆ ಗೋಡೆಗೆ ನೇತುಹಾಕಿದರು. ಹೊಸಬರು ಯಾರು ಸೇರಿದರೂ ಅದನ್ನು ತೋರಿಸಿ, “ಇದು ನಮ್ಮ ಎಲ್ಲಪ್ಪನ ತಂಬೂರಿ” ಅನ್ನುತ್ತಿದ್ದರು. ಬೈದರೂ ಕೆಲಸ ಮುಚ್ಚಿಡದೆ ಕಲಿಸಿದ ಮನುಷ್ಯ. ಚಕ್ರ ಬಿಚ್ಚಿ, ಟೈರಿನ ಮೈಯೆಲ್ಲ ಬೆರಳಲ್ಲಿ ತಡವಿ, ಕೂದಲೆಳೆಯಷ್ಟು ಬಿರುಕು ಹುಡುಕುವುದನ್ನು ಅವರ ಕೈಯನ್ನು ನೋಡಿಯೇ ಕಲಿತೆ.

ದಿನಾ ಬೆಳಿಗ್ಗೆ ಇನ್ನೊಂದು ಕೆಲಸ ಇತ್ತು. ರನ್‌ವೇ ಮೇಲೆ ಸಾಲಾಗಿ ನಿಂತು, ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಾ, ಕಲ್ಲು, ಮೊಳೆ, ತಂತಿ ಏನು ಕಂಡರೂ ಹೆಕ್ಕುವುದು. ಹೊಸ ಹುಡುಗರಿಗೆ ಈ ಕೆಲಸ ನಾಚಿಕೆ. ಪ್ಯಾಂಟು ಹಾಕಿಕೊಂಡು ಬಂದು ಕಲ್ಲು ಆಯೋದಾ ಅಂತ. ಫೈರ್ ಗಾಡಿ ಡ್ರೈವರ್ ಮುರುಗೇಶ ಅವರನ್ನು ರೇಗಿಸುತ್ತಿದ್ದ: “ನಿಮ್ಮಮ್ಮ ಅಕ್ಕಿಯಲ್ಲಿ ಕಲ್ಲು ಆರಿಸಲ್ವಾ? ಅಮ್ಮನ್ಗೆ ಇಲ್ದಿರೋ ನಾಚಿಕೆ ನಿಂಗ್ಯಾಕಪ್ಪಾ?” ಮುರುಗೇಶನ ಮನೆಮಾತು ತಮಿಳು, ಹೆಂಡತಿಯದು ತೆಲುಗು, ಬೈಗುಳ ಮಾತ್ರ ಕನ್ನಡ. ಅವನಂಥ ಸ್ನೇಹಿತ ನನಗೆ ಇನ್ನೊಬ್ಬ ಸಿಗಲಿಲ್ಲ.

ಕಲ್ಲಿಗೂ ನಮಗೂ ಸುಗ್ಗಿಕಾಲದಲ್ಲಿ ಜಗಳ ಜಾಸ್ತಿ. ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಹುರುಳಿ ಕಿತ್ತಮೇಲೆ ಗಿಡವನ್ನು ಟಾರು ರೋಡಿನ ಮೇಲೆ ಹರಡುತ್ತೇವೆ. ಬಸ್ಸು, ಲಾರಿ ಅದರ ಮೇಲೆ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಗಾಡಿಗಳು ತಪ್ಪಿಸಿಕೊಂಡು ಪಕ್ಕಕ್ಕೆ ಹೋಗಬಾರದಲ್ಲ, ಅದಕ್ಕೆ ಅಂಚಿನಲ್ಲಿ ಕಲ್ಲು ಇಡುತ್ತೇವೆ. ನಮ್ಮ ರನ್‌ವೇ ಮುಗಿಯುವ ಕಡೆ ಬೇಲಿ, ಬೇಲಿಯ ಆಚೆಗೆ ಊರ ರೋಡು. ಆ ರೋಡು ತಿಮ್ಮಕ್ಕನ ಕಣ. ತಿಮ್ಮಕ್ಕ ಅಂದರೆ ಪಕ್ಕದ ಹಳ್ಳಿಯ ಹಿರೀ ಹೆಂಗಸು, ಮಕ್ಕಳು, ಸೊಸೆಯರು, ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಹುರುಳಿ ಹರಡಿ ಕೂತರೆ ಕಲೆಕ್ಟರ ಕಾರೂ ಸುತ್ತಿಕೊಂಡು ಹೋಗಬೇಕು.

ಅಲ್ಲಿಂದ ಬರುವ ಗಾಡಿಗಳ ಟೈರಿನ ಸಂದಿಯಲ್ಲಿ ಕಲ್ಲಿನ ಚೂರು ಸಿಕ್ಕಿಕೊಂಡು ಒಳಗೆ ಬರುತ್ತಿದ್ದವು. ದಾಸಪ್ಪನವರು ಮುಂದಿನ ಗೇಟಿನಲ್ಲಿ ಒಬ್ಬನನ್ನು ನಿಲ್ಲಿಸಿ, ಬರುವ ಗಾಡಿಗಳ ಟೈರನ್ನೆಲ್ಲ ಕಡ್ಡಿಯಲ್ಲಿ ಕೆರೆಸುತ್ತಿದ್ದರು. ನಾನು ತಿಮ್ಮಕ್ಕನಿಗೆ ಹೇಳಿ ನೋಡಿದೆ.

“ಅಕ್ಕಾ, ಕಲ್ಲು ಇಡಬ್ಯಾಡ. ನಮ್ಮ ಇಮಾನಕ್ಕೆ ತೊಂದ್ರೆ ಆಯ್ತದೆ.”

“ಇಮಾನ ಆಕಾಸದಾಗೆ ಓಯ್ತದೆ, ನನ್ ಉಳ್ಳಿಕಾಳು ನೆಲದ ಮ್ಯಾಲೆ ಅದೆ. ಅದ್ಕೂ ಇದ್ಕೂ ಏನ್ಲಾ ನಂಟಸ್ತನ? ಓಗ್ ಓಗು, ನಿಮ್ಮಪ್ಪನ ಮದ್ವೇಲಿ ಅನ್ನ ಬಡಿಸ್ದೋಳು ನಾನು, ನಂಗೇ ಬುದ್ಧಿ ಹೇಳ್ತಾನೆ.”

ನಾನು ವಾಪಸು ಬಂದು ಗೇಟಿನವನ ಜೊತೆ ಟೈರು ಕೆರೆಯಲು ನಿಂತೆ.

ಆಮೇಲೆ ಕ್ಯಾಪ್ಟನ್ ಭಾಸ್ಕರ್ ಬಂದರು. ಅವರಿಗಿಂತ ಮುಂಚೆ ಇದ್ದ ಪೈಲಟ್ಟುಗಳು ಒಳ್ಳೆಯವರೇ, ಆದರೆ ಕೆಳಗೆ ಇರುವ ನಮ್ಮ ಜೊತೆ ಮಾತಾಡುತ್ತಿರಲಿಲ್ಲ. ಭಾಸ್ಕರ್ ಸರ್ ಟೀ ಹೊತ್ತಿಗೆ ಚಕ್ರದ ವಿಭಾಗಕ್ಕೇ ಬಂದು, ಟೈರಿನ ಮೇಲೆ ಕೂತುಕೊಂಡು, ನಾವು ಕೇಳದೇ ಇದ್ದರೂ ಹೇಳುತ್ತಿದ್ದರು. ಮೈಸೂರಿನ ಕಡೆಯವರು, ಮೆಲ್ಲಗೆ ಮಾತು. ಅವರ ಜೊತೆಗೆ ಇನ್ನೊಂದು ಸೀಟಿನಲ್ಲಿ ಹಾರುತ್ತಿದ್ದವರು ಅನಿತಾ ಮೇಡಂ.

ಅವರು ತಂದ ಹೊಸ ಪದ್ಧತಿ ಒಂದಿದೆ. ಪ್ರತಿ ಹಾರಾಟಕ್ಕೂ ಮುಂಚೆ ವಿಮಾನದ ಭಾರ, ಬಿಸಿಲು, ಗಾಳಿ ಎಲ್ಲ ಲೆಕ್ಕ ಹಾಕಿ, ರನ್‌ವೇಯ ಒಂದು ಜಾಗ ಹೇಳುತ್ತಿದ್ದರು. ಅಲ್ಲಿ ಪಕ್ಕದ ಹುಲ್ಲಿನಲ್ಲಿ ನಾನು ಒಂದು ಬಾವುಟ ನೆಡಬೇಕು. ತಗುಲಿದರೆ ಮುರಿದು ಬೀಳುವಂಥ ತೆಳ್ಳನೆ ಬಿದಿರುಕಡ್ಡಿ, ಅದಕ್ಕೆ ಕೆಂಪು ಬಟ್ಟೆ. ಬಟ್ಟೆ ನನ್ನ ಹೆಂಡತಿಯ ಹಳೇ ಸೀರೆಯದು. ಭಾರ ಹೆಚ್ಚಾದರೆ ಬಾವುಟ ಒಂದು ಕಡೆ, ಕಮ್ಮಿಯಾದರೆ ಇನ್ನೊಂದು ಕಡೆ.

“ಎಲ್ಲಪ್ಪ, ನಾನು ನೋಡೋದು ಸ್ಪೀಡ್ ಮುಳ್ಳನ್ನ,” ಅಂದರು. “ಆದ್ರೆ ಆ ಸ್ಪೀಡು ಬರಬೇಕಾದ ಜಾಗ ನಿನ್ನ ಬಾವುಟ. ಅದಕ್ಕಿಂತ ಮುಂಚೆ ಏನಾದ್ರೂ ಕೆಟ್ಟರೆ ನಿಲ್ಲಿಸ್ತೀನಿ. ದಾಟಿದ ಮೇಲೆ ಟೈರ್ ಹೋದ್ರೆ ನಿಲ್ಲಿಸಲ್ಲ, ಹಾರ್ತೀನಿ.”

ಮುರುಗೇಶನಿಗೆ ಅರ್ಥವಾಗಲಿಲ್ಲ. “ಎನ್ನ ಸಾರ್ ಇದು? ಟೈರ್ ಒಡೆದ್ರೆ ಗಾಡಿ ನಿಲ್ಸ್ಬೇಕಲ್ವಾ? ಆಕಾಶದಲ್ಲಿ ಪಂಚರ್ ಅಂಗಡಿ ಇದ್ಯಾ?”

ಎಲ್ಲರೂ ನಕ್ಕರು, ಸರ್ ಕೂಡ ನಕ್ಕರು. ಆಮೇಲೆ ಹೇಳಿದರು: “ಬ್ರೇಕ್ ಹಿಡಿಯೋದು ಯಾವುದರಿಂದ? ಟೈರಿನಿಂದ. ಒಡೆದ ಟೈರಿಗೆ ಹಿಡಿತ ಎಲ್ಲಿಂದ ಬರುತ್ತೆ? ಅಷ್ಟು ವೇಗದಲ್ಲಿ ನಿಲ್ಲಿಸೋಕೆ ಹೋದ್ರೆ ರನ್‌ವೇ ಮುಗಿದು ಬೇಲಿ ಮುರಿದು ಆಚೆ ಹೋಗ್ತೀವಿ. ಹಾರೋಕೆ ಟೈರು ಬೇಡ ಮುರುಗೇಶ, ರೆಕ್ಕೆ ಸಾಕು. ಮೇಲೆ ಹೋದ್ರೆ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ.”

ಇನ್ನೂ ಒಂದು ವಿಷಯ ಹೇಳಿದರು. ಓಡುವಾಗ ಅವರ ಬಲಗೈ ಇಂಜಿನ್ನಿನ ಲಿವರುಗಳ ಮೇಲೆ ಇರುತ್ತದೆ, ನಿಲ್ಲಿಸಬೇಕಾದರೆ ಎಳೆಯಲಿಕ್ಕೆ. ಆ ವೇಗ ಬಂತು ಅಂತ ಅನಿತಾ ಮೇಡಂ ಕೂಗಿದ ಕೂಡಲೇ ಆ ಕೈಯನ್ನು ತೆಗೆದುಬಿಡುತ್ತಾರೆ. ಕೈ ಅಲ್ಲೇ ಇದ್ದರೆ ಹೆದರಿಕೆಯಲ್ಲಿ ಎಳೆದುಬಿಡಬಹುದು ಅಂತ.

“ಹಾಗೇ ನೀನೂ,” ಅಂದರು ನನಗೆ. ನಮ್ಮ ರನ್‌ವೇಯಿಂದ ಹಾರುವಾಗ ನನ್ನ ವಾಕಿಟಾಕಿಯ ಮಾತು ಸೀದಾ ಅವರ ಕಿವಿಗೆ ಬೀಳುತ್ತಿತ್ತು. “ಬಾವುಟದ ತನಕ ಏನು ಕಂಡರೂ ಕೂಗು. ದಾಟಿದ ಮೇಲೆ ನಾನು ನೆಲ ಬಿಡೋ ತನಕ ಒಂದು ಮಾತೂ ಆಡಬೇಡ. ಆ ಹೊತ್ತಲ್ಲಿ ಕಿವಿಗೆ ಬಿದ್ದ ಮಾತು ತಲೆಗೆ ಹೋಗಲ್ಲ, ನೇರ ಕಾಲಿಗೆ ಹೋಗಿ ಬ್ರೇಕ್ ಒತ್ತಿಬಿಡುತ್ತೆ.”

ಬಾಷಣ್ಣನ ಅಂಗಡಿ ನೆನಪಾಯಿತು. ಸರಿ ಸರ್ ಅಂದೆ. ಸರಿ ಅನ್ನೋದು ಸುಲಭ.

ಸುಗ್ಗಿಕಾಲದ ಒಂದು ಬೆಳಿಗ್ಗೆ. ಮಂಜು ಕರಗಿ ಬಿಸಿಲು ಬಿದ್ದಿತ್ತು. ಉತ್ತರದ ಕಡೆಯ ಮಾಲೀಕರಿಗೆ ವಿಮಾನ ಒಪ್ಪಿಸಬೇಕು. ದೂರದ ದಾರಿ, ಟ್ಯಾಂಕ್ ತುಂಬಾ ಎಣ್ಣೆ. ಒಳಗೆ ಭಾಸ್ಕರ್ ಸರ್, ಅನಿತಾ ಮೇಡಂ, ಹಿಂದೆ ನಮ್ಮ ದಾಸಪ್ಪನವರು, ಅಲ್ಲಿ ಹೋಗಿ ಕೆಲಸ ವಿವರಿಸಿ ಒಪ್ಪಿಸಲಿಕ್ಕೆ. ಹತ್ತುವಾಗ ದಾಸಪ್ಪನವರು, “ಎಲ್ಲಪ್ಪ, ನಾನ್ ಬರೋತಂಕ ನಿನ್ನ ತಂಬೂರಿ ಮುಟ್ಟಬ್ಯಾಡ” ಅಂದರು. ರನ್‌ವೇ ನಾವೇ ನಡೆದು ನೋಡಿದ್ದೆವು, ಅನ್ನ ಹಾಕಿ ಉಣ್ಣುವ ಹಾಗಿತ್ತು. ಬೇಲಿಯ ಆಚೆ ರೋಡಿನಲ್ಲಿ ತಿಮ್ಮಕ್ಕನ ಸಂಸಾರವೆಲ್ಲ ಹುರುಳಿ ಹರಡಿ ಕೂತಿತ್ತು. ಅವರ ಬಣ್ಣ ಬಣ್ಣದ ತಲೆವಸ್ತ್ರ ನನಗೆ ಬಾವುಟದ ಹತ್ತಿರದಿಂದಲೇ ಕಾಣುತ್ತಿತ್ತು.

ವಿಮಾನ ಓಡಲು ಶುರು ಮಾಡಿತು. ನಾನು ಬಾವುಟದಿಂದ ದೂರಕ್ಕೆ, ಹುಲ್ಲಿನ ಆಚೆಗೆ ನಿಂತಿದ್ದೆ. ಪಕ್ಕದಲ್ಲಿ ಫೈರ್ ಗಾಡಿ, ಅದರಲ್ಲಿ ಮುರುಗೇಶ. ಭಾರದ ವಿಮಾನ, ಮೊದಲು ನಿಧಾನ, ಆಮೇಲೆ ಜೋರು. ನನ್ನ ಕಣ್ಣು ಚಕ್ರಗಳ ಮೇಲೆಯೇ. ಈ ವಿಮಾನಕ್ಕೆ ಒಂದೊಂದು ಕಡೆಗೂ ಜೋಡಿ ಚಕ್ರ, ನಾಲ್ಕೂ ನಾನೇ ಕಟ್ಟಿದ್ದು. ಬಾವುಟ ದಾಟಿತು. ದಾಟಿದ ಉಸಿರಲ್ಲೇ ಡಬ್ ಅಂತ ಸದ್ದು. ಎಡಗಡೆಯ ಹೊರಗಿನ ಚಕ್ರದಿಂದ ಕರಿ ಚೂರುಗಳು ಕಾಗೆ ಹಿಂಡಿನ ಹಾಗೆ ಎದ್ದವು. ವಿಮಾನ ಎಡಕ್ಕೆ ಒಂದು ಸಾರಿ ಜಗ್ಗಿತು.

“ಅಯ್ಯಯ್ಯೋ ಪೋಚ್ಚು! ಟೈರ್ ಹೋಯ್ತು!” ಮುರುಗೇಶ ಗಾಡಿಯಿಂದ ಅರ್ಧ ಈಚೆಗೆ ಬಂದಿದ್ದ. “ಹೇಳಪ್ಪಾ ಎಲ್ಲಪ್ಪ! ಹೇಳು! ದಾಸಪ್ಪಣ್ಣ ಒಳಗವ್ರೆ!”

ನನ್ನ ಹೆಬ್ಬೆರಳು ವಾಕಿಟಾಕಿಯ ಗುಂಡಿ ಮೇಲೆ ಇತ್ತು. ಹೇಳಬೇಕಾದ ಮಾತು ನಾಲಿಗೆ ತುದಿಯಲ್ಲಿ ಇತ್ತು. ಒಳಗೆ ನನಗೆ ಕೆಲಸ ಕಲಿಸಿದ ಮನುಷ್ಯ, ಮುಂದೆ ಬೇಲಿ, ಬೇಲಿ ಆಚೆಗೆ ತಿಮ್ಮಕ್ಕ ಮತ್ತೆ ಅವಳ ಮೊಮ್ಮಕ್ಕಳು. ನಿಲ್ಲಿಸಿ ಅಂತ ಕೂಗಲು ಮೈಯೆಲ್ಲ ತುಡಿಯುತ್ತಿತ್ತು. ಹೆಬ್ಬೆರಳು ತೆಗೆದೆ. ತೆಗೆದರೆ ಸಾಲದು ಅನಿಸಿ ಕೈಯನ್ನೇ ಬೆನ್ನ ಹಿಂದಕ್ಕೆ ಕಟ್ಟಿಕೊಂಡೆ. ಮುರುಗೇಶ ಓಡಿಬಂದು ವಾಕಿಟಾಕಿ ಕಿತ್ತುಕೊಳ್ಳಲು ನೋಡಿದ. “ಬಾವುಟ ದಾಟಾಯ್ತು ಕಣೋ, ಬುಡು!” ಅಂತ ಅವನನ್ನು ಭುಜದಲ್ಲಿ ತಳ್ಳಿದೆ.

ಇಂಜಿನ್ನಿನ ಸದ್ದು ಇಳಿಯಲಿಲ್ಲ. ಇಳಿಯದೇ ಇದ್ದಾಗಲೇ ಗೊತ್ತಾಯಿತು, ಒಳಗೆ ಭಾಸ್ಕರ್ ಸರ್ ಕೂಡ ಕೈ ತೆಗೆದಿದ್ದಾರೆ ಅಂತ. ವಿಮಾನ ನೇರ ಆಯಿತು, ಮೂಗು ಎತ್ತಿತು. ಬೇಲಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಆಗ ಚಕ್ರಗಳ ಕೆಳಗೆ ಬೆಳಕು ಕಂಡಿತು. ಬೇಲಿ ದಾಟಿ, ಹುರುಳಿ ಕಣದ ಮೇಲೆ ಹಾದು ಹೋಯಿತು. ಅದರ ಗಾಳಿಗೆ ಹೊಟ್ಟೆಲ್ಲ ಎದ್ದು ತಿಮ್ಮಕ್ಕನ ಸಂಸಾರದ ಮೇಲೆ ಸುರಿಯಿತು. ಸೊಸೆಯರು ಮಕ್ಕಳನ್ನು ತಬ್ಬಿಕೊಂಡು ಕೂತರು. ತಿಮ್ಮಕ್ಕ ಮಾತ್ರ ಎದ್ದು ನಿಂತು ಆಕಾಶಕ್ಕೆ ಕೈ ಬೀಸಿ ಬೈಯುತ್ತಿದ್ದಳು. ಅದನ್ನು ನೋಡಿ ನನಗೆ ಮಂಗಳಾರತಿ ಕಂಡ ಹಾಗಾಯಿತು.

ಆಗ ಗುಂಡಿ ಒತ್ತಿದೆ. “ಸರ್, ಎಡಗಡೆ ಹೊರಗಿನ ಟೈರ್ ಒಡೆದದೆ. ಒಳಗಿನದು ಒಡೆದಿಲ್ಲ. ಹೊಗೆ ಇಲ್ಲ, ಬೆಂಕಿ ಇಲ್ಲ.”

“ಸರಿ ಎಲ್ಲಪ್ಪ,” ಅಂತ ಬಂತು ಉತ್ತರ, ಟೀ ಕುಡಿಯುವಾಗ ಮಾತಾಡುವ ಹಾಗೆ. “ಚಕ್ರ ಮೇಲೆ ಎತ್ತಿಲ್ಲ. ಹರಿದ ರಬ್ಬರು ಒಳಗೆ ಸಿಕ್ಕಿಕೊಳ್ಳಬಾರದು. ಬೆಂಗಳೂರಿನ ಉದ್ದ ರನ್‌ವೇಗೆ ಹೋಗ್ತೀವಿ, ಎಣ್ಣೆ ಕಮ್ಮಿ ಮಾಡಿಕೊಂಡು ಇಳೀತೀವಿ. ನೀನು ಎರಡು ಚಕ್ರ ತಗೊಂಡು ರಸ್ತೆಯಲ್ಲಿ ಬಾ.”

ಮುರುಗೇಶ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. “ನೀನು ಮನುಷ್ಯನಾ ಕಲ್ಲಾ?” ಅಂದ. ಆಮೇಲೆ ನನ್ನ ಕಾಲು ಹಿಡಿದುಕೊಂಡು ನಕ್ಕ. ಅಳುತ್ತಲೂ ಇದ್ದ.

ಎರಡು ಚಕ್ರ ಯಾಕೆ ಅಂತ ಹೊಸಬರು ಕೇಳಬಹುದು. ಜೋಡಿಯಲ್ಲಿ ಒಂದು ಹೋದರೆ ಇಡೀ ಭಾರ ಹೊತ್ತದ್ದು ಇನ್ನೊಂದು. ಅದು ಚೆನ್ನಾಗಿ ಕಂಡರೂ ನಂಬಬಾರದು, ಬಿಚ್ಚಬೇಕು. ಜ್ಞಾಪಕ ಇಟ್ಟುಕೊಳ್ಳಿ.

ಟೆಂಪೊದಲ್ಲಿ ಚಕ್ರ ಹಾಕಿಕೊಂಡು ಹೊರಟೆ. ಅತ್ತಿಬೆಲೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ದಾಸಪ್ಪನವರ ಫೋನು ಬಂತು. ಸುಮ್ಮನೆ, “ಇಳುದ್ವಿ ಕಣ್ಲಾ” ಅಂದರು. ಹಿಂದಿನ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ, ಹೊಡೆಯಲಿ ಬಿಡು ಅಂದುಕೊಂಡೆ. ನಾನು ತಲುಪಿದಾಗ ವಿಮಾನ ಸುರಕ್ಷಿತವಾಗಿ ಪಕ್ಕದಲ್ಲಿ ನಿಂತಿತ್ತು. ದಾಸಪ್ಪನವರು ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಡೆದ ಟೈರನ್ನು ತಡವುತ್ತಿದ್ದರು. ಎಡಗಡೆಯ ಭಾರವನ್ನು ಆದಷ್ಟು ಹೊತ್ತು ಮೇಲೇ ಹಿಡಿದುಕೊಂಡು, ಬಲಗಾಲು ಮೊದಲು ಊರಿ, ಮಗುವನ್ನು ತೊಟ್ಟಿಲಿಗೆ ಮಲಗಿಸುವ ಹಾಗೆ ಇಳಿಸಿದರಂತೆ ಭಾಸ್ಕರ್ ಸರ್.

ವಿಚಾರಣೆಗೆ ಅಧಿಕಾರಿಗಳು ಬಂದರು. ಎಲ್ಲರನ್ನೂ ಕೇಳಿದ ಹಾಗೆ ನನ್ನನ್ನೂ ಕೇಳಿದರು: “ಟೈರ್ ಒಡೆದಿದ್ದು ನೋಡಿದಿರಿ, ವಾಕಿಟಾಕಿ ಕೈಯಲ್ಲೇ ಇತ್ತು. ಯಾಕೆ ಹೇಳಲಿಲ್ಲ?”

“ಬಾವುಟ ದಾಟಿತ್ತು ಸರ್.”

ಅವರು ಬರೆದುಕೊಂಡು ತಲೆ ಆಡಿಸಿದರು. ಅದೇ ಸರಿ ಅಂದರು, ಪೈಲಟ್ಟಿಗೂ ನನಗೂ.

ಟೈರಿನ ಚೂರಿನೊಳಗೆ ಚೂಪಾದ ಕಲ್ಲಿನ ತುಂಡು ಸಿಕ್ಕಿತು. ನಾವು ರನ್‌ವೇ ನಡೆದು ನೋಡಿದ ಮೇಲೆ ಎಣ್ಣೆ ಟ್ಯಾಂಕರು ಹುರುಳಿ ಕಣದ ಮೇಲಿಂದ ಬಂದು, ಹಿಂದಿನ ಗೇಟಿನಲ್ಲಿ ನುಗ್ಗಿ, ರನ್‌ವೇ ಅಡ್ಡ ದಾಟಿತ್ತು. ಆ ಗೇಟಿನಲ್ಲಿ ಕಡ್ಡಿ ಹಿಡಿದವರು ಯಾರೂ ಇರಲಿಲ್ಲ. ಅವತ್ತಿನಿಂದ ಎರಡೂ ಗೇಟಿನಲ್ಲಿ ಟೈರು ಕೆರೆಯುತ್ತಾರೆ, ಕೊನೆಯ ಗಾಡಿ ದಾಟಿದ ಮೇಲೆಯೇ ರನ್‌ವೇ ನಡೆಯುತ್ತಾರೆ. ಬೇಲಿ ಪಕ್ಕ ಕಂಪನಿಯ ಹಳೇ ಸಿಮೆಂಟು ನೆಲ ಸುಮ್ಮನೆ ಬಿದ್ದಿತ್ತು, ಅದನ್ನು ಸುಗ್ಗಿಯಲ್ಲಿ ತಿಮ್ಮಕ್ಕನಿಗೆ ಬಿಟ್ಟುಕೊಡಿ ಅಂತ ನಾನೂ ದಾಸಪ್ಪನವರೂ ಹಟ ಹಿಡಿದು ಕೊಡಿಸಿದೆವು. ಕಾಳು ಬಿಡಿಸಲು ಒಂದು ಟ್ರ್ಯಾಕ್ಟರನ್ನೂ ಗೊತ್ತುಮಾಡಿದೆವು. ಕಲ್ಲಿನ ತುಂಡು ತೋರಿಸಿದಾಗ ತಿಮ್ಮಕ್ಕ ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿದಳು. “ನನ್ ಮೊಮ್ಮಕ್ಳ ತಲೆ ಮ್ಯಾಲೇ ಬರ್ತಿತ್ತಲ್ಲಾ ಎಲ್ಲಪ್ಪಾ,” ಅಂದಳು. ಮುಂದಿನ ವಾರ ಒಂದು ಸೇರು ಹುರುಳಿ ಮನೆಗೆ ಬಂತು.

ಇನ್ನೊಂದು ಹೇಳದೆ ಮುಗಿಸಲಾರೆ. ಬೆಂಗಳೂರಿನಲ್ಲಿ ಚಕ್ರ ಕಟ್ಟಿ, ತಪಾಸಣೆ ಎಲ್ಲ ಮುಗಿದ ಮೇಲೆ ವಿಮಾನ ನಮ್ಮಲ್ಲಿಗೇ ವಾಪಸು ಬರಬೇಕಿತ್ತು. ನಾನು ಟೆಂಪೊ ಕಡೆ ಹೊರಟಿದ್ದೆ. ಭಾಸ್ಕರ್ ಸರ್ ಕರೆದರು.

“ಎಲ್ಲಿಗೆ? ಚಕ್ರ ಕಟ್ಟಿದವರು ಅದರ ಮೇಲೆ ಕೂರಬೇಕು. ಹತ್ತು.”

ಅಷ್ಟು ವರ್ಷ ಚಕ್ರ ಕಟ್ಟಿದವನು ನಾನು, ಒಂದು ಸಾರಿಯೂ ಹಾರಿರಲಿಲ್ಲ. ದಾಸಪ್ಪನವರು ತಾವೇ ಬೆಲ್ಟು ಬಿಗಿದರು. “ಹೆದರ್ಕಬ್ಯಾಡ, ನೀನೇ ಕಟ್ಟಿರೋದಲ್ವಾ” ಅಂದರು. “ಅದ್ಕೇ ಧೈರ್ಯವಾಗಿ ಕೂತಿದೀನಿ ಅಣ್ಣ, ನೀವ್ ಕಟ್ಟಿದ್ರೆ ಹತ್ತುತಾನೇ ಇರ್ನಿಲ್ಲ” ಅಂದೆ. ವಿಮಾನ ಓಡಿತು. ನಾನು ಕಿಟಕಿ ನೋಡಲಿಲ್ಲ, ಸೀಟುಗಳ ಸಂದಿಯಿಂದ ಸರ್ ಅವರ ಕೈಯನ್ನೇ ನೋಡಿದೆ. ಲಿವರುಗಳ ಮೇಲೆ ಬಿಗಿಯಾಗಿ ಇತ್ತು. ಅನಿತಾ ಮೇಡಂ ಕೂಗಿದರು. ಕೈ ಮೇಲೆ ಎದ್ದಿತು, ಹಗುರವಾಗಿ, ದೇವರಿಗೆ ಹೂವು ಹಾಕಿ ವಾಪಸು ತೆಗೆದುಕೊಳ್ಳುವ ಕೈ ಹಾಗೆ. ಮರುಕ್ಷಣ ನೆಲ ಇರಲಿಲ್ಲ.

ಕೆಳಗೆ ಹೊಸೂರಿನ ಫ್ಯಾಕ್ಟರಿಗಳ ತಗಡು, ಗುಲಾಬಿ ಬೆಳೆಯುವ ಬಿಳೀ ಪರದೆಯ ಮನೆಗಳು, ಅಣೆಕಟ್ಟಿನ ನೀರು, ದೂರದಲ್ಲಿ ಅಂಚೆಟ್ಟಿ ಕಡೆಯ ಕಾಡು. ನಮ್ಮ ರನ್‌ವೇಗೆ ಇಳಿಯುವಾಗ ಬೇಲಿ ಹತ್ತಿರ ತಿಮ್ಮಕ್ಕ ಕಂಡಳು. ಈ ಸಾರಿಯೂ ಕೈ ಬೀಸುತ್ತಿದ್ದಳು, ಬೈಯುತ್ತಿರಲಿಲ್ಲ ಅಂತ ಕಾಣುತ್ತದೆ. ಹುಲ್ಲಿನಲ್ಲಿ ನನ್ನ ಹೆಂಡತಿಯ ಸೀರೆ ಚೂರು ಕೆಂಪಗೆ ಅಲ್ಲಾಡುತ್ತಿತ್ತು. ಮುರುಗೇಶ ಫೈರ್ ಗಾಡಿಯ ಗಂಟೆಯನ್ನು ಮದುವೆ ಮನೆಯ ಹಾಗೆ ಬಾರಿಸಿದ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೊಸೂರಿನ ಅಂಚಿನಲ್ಲಿ ಮನೆ ಒಂದು. ಹಿತ್ತಲಲ್ಲಿ ನುಗ್ಗೆ ಮರ ಎರಡು, ಹಸು ಒಂದು. ದಾಸಪ್ಪನವರು ರಿಟೈರ್ ಆದ ದಿನ ವಾಪಸು ಕೊಟ್ಟ ಕಬ್ಬಿಣದ ಸಲಾಕೆ ಒಂದು. ಕೆಂಪು ಸೀರೆ ಚೂರು ಒಂದು. ಹತ್ತಿದ ವಿಮಾನ ಒಂದು. ನಾನು ಚಕ್ರ ಕಟ್ಟಿ ಕಳಿಸಿ, ಕ್ಷೇಮವಾಗಿ ಇಳಿಯದೇ ಹೋದ ವಿಮಾನ ಒಂದೂ ಇಲ್ಲ.